ಒಂದೇ ಬೆಳೆ, ಎರಡು ಖಾತೆ: ಘಾನಾ ಮತ್ತು ಐವರಿ ಕೋಸ್ಟ್‌ಗಳ ಆರ್ಥಿಕ ಪಂದ್ಯ

ಪಶ್ಚಿಮ ಆಫ್ರಿಕದ ಕಚ್ಚಾ ಗೋಡಂಬಿ ನವಮಂಗಳೂರು ಬಂದರಿಗೆ ಬಂದಿಳಿಯುವುದು ಕರಾವಳಿಯ ಗೋಡಂಬಿ ಕಾರ್ಖಾನೆದಾರರಿಗೆ ಹೊಸ ಸಂಗತಿಯೇನಲ್ಲ. ಘಾನಾ ದೇಶವು ತಾನು ಬೆಳೆಯುವುದಕ್ಕಿಂತ ಹೆಚ್ಚು ಗೋಡಂಬಿಯನ್ನು ರಫ್ತು ಮಾಡುತ್ತದೆಂಬುದನ್ನು ಅವರಲ್ಲಿ ಅನುಭವಸ್ಥರು ಬಲ್ಲರು. ಹೆಚ್ಚುವರಿ ಸರಕು ಪಕ್ಕದ ಐವರಿ ಕೋಸ್ಟಿನಿಂದ ರಾತ್ರೋರಾತ್ರಿ ಗಡಿ ದಾಟಿ ಬಂದದ್ದು. ಭೂಮಾರ್ಗವಾಗಿ ಕಚ್ಚಾ ಗೋಡಂಬಿ ಹೊರಹೋಗಬಾರದೆಂದು ಆ ದೇಶದ ಸರ್ಕಾರವು ವಿಧಿಸಿದ ನಿಷೇಧವನ್ನು ವ್ಯಾಪಾರವು ತನ್ನದೇ ರೀತಿಯಲ್ಲಿ ಮೀರಿದೆ. ಈ ಎರಡು ದೇಶಗಳ ನಡುವಣ ಗಡಿಯಲ್ಲಿ ಸರಕು ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದನ್ನು ನೋಡಿದರೆ, ಯಾವ ಸರ್ಕಾರ ಯಾವ ಕಾಲದಲ್ಲಿ ತನ್ನ ಬೆಳೆಗಾರನಿಗೆ ಎಷ್ಟು ಕೊಟ್ಟಿತೆಂಬುದನ್ನು ಬಹುಮಟ್ಟಿಗೆ ಊಹಿಸಬಹುದು.

ಗೋಡಂಬಿಯ ಕಥೆ ಇತ್ತೀಚಿನದು. ಅದಕ್ಕೂ ಹಿಂದೆ, ಎರಡೂ ದೇಶಗಳು ಸ್ವತಂತ್ರವಾದ ಹೊಸದರಲ್ಲಿ, ಕೋಕೋ ಬೆಳೆಯ ಆಧಾರದ ಮೇಲೆ ಇವುಗಳ ನಡುವೆ ನಡೆದ ಆರ್ಥಿಕ ಪೈಪೋಟಿಯು ಅಭಿವೃದ್ಧಿ ಅರ್ಥಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆದಿದೆ. ಸಾಮಾನ್ಯವಾಗಿ ಅದನ್ನು ಸಮಾಜವಾದ ಮತ್ತು ಬಂಡವಾಳವಾದಗಳ ಸ್ಪರ್ಧೆಯೆಂದು ವಿವರಿಸಲಾಗುತ್ತದೆ. ಲೆಕ್ಕಪತ್ರಗಳನ್ನು ಬಿಡಿಸಿ ನೋಡಿದರೆ ಈ ವಿವರಣೆ ಸಾಲದೆನಿಸುತ್ತದೆ.

ಪಂದ್ಯ

ಭೂಪಟದಲ್ಲಿ ಇವೆರಡೂ ಅಕ್ಕಪಕ್ಕದ ಮನೆಗಳು. ಕರ್ನಾಟಕದ ವಿಸ್ತೀರ್ಣ ಸುಮಾರು 1 ಲಕ್ಷ 92 ಸಾವಿರ ಚದರ ಕಿ.ಮೀ. ಆದರೆ ಘಾನಾದ್ದು 2 ಲಕ್ಷ 38 ಸಾವಿರ, ಐವರಿ ಕೋಸ್ಟಿನದು 3 ಲಕ್ಷ 22 ಸಾವಿರ. ದಕ್ಷಿಣದಲ್ಲಿ ಸಮುದ್ರ, ಅದರ ಹಿಂದೆ ಮಳೆಕಾಡು, ಉತ್ತರದಲ್ಲಿ ಒಣ ಹುಲ್ಲುಗಾವಲು. ಎರಡರಲ್ಲಿಯೂ ಇದೇ ಕ್ರಮ. ಘಾನಾದ ನಾಯಕ ಕ್ವಾಮೆ ಎನ್‌ಕ್ರುಮಾ ಹುಟ್ಟಿದ ಎನ್‌ಜೆಮಾ ಜನಾಂಗವು ಗಡಿಯ ಎರಡೂ ಕಡೆ ವಾಸಿಸುತ್ತದೆ. ಐವರಿ ಕೋಸ್ಟಿನ ನಾಯಕ ಫೆಲಿಕ್ಸ್ ಹುಫುವೆ-ಬ್ವಾನಿಯ ಬಾವುಲೆ ಜನಾಂಗದ ಪೂರ್ವಿಕರು 18ನೇ ಶತಮಾನದಲ್ಲಿ ಈಗಿನ ಘಾನಾದ ಅಶಾಂಟಿ ಸೀಮೆಯಿಂದ ವಲಸೆ ಹೋದವರು. ಬ್ರಿಟಿಷರೂ ಫ್ರೆಂಚರೂ ನಡುವೆ ಗೆರೆ ಎಳೆದದ್ದರಿಂದ ಒಂದು ಕಡೆ ಗೋಲ್ಡ್ ಕೋಸ್ಟ್ ಎಂಬ ಬ್ರಿಟಿಷ್ ವಸಾಹತು, ಇನ್ನೊಂದು ಕಡೆ ಫ್ರೆಂಚ್ ವಸಾಹತು ಉಂಟಾದವು. (ಐವರಿ ಕೋಸ್ಟ್ ಸರ್ಕಾರವು 1986ರಿಂದ ತನ್ನನ್ನು ಎಲ್ಲ ಭಾಷೆಗಳಲ್ಲಿಯೂ ‘ಕೋತ್ ದಿವ್ವಾರ್’ ಎಂದೇ ಕರೆಯಬೇಕೆಂದು ಕೋರಿದೆ. ವ್ಯಾಪಾರ ವಲಯದಲ್ಲಿ ಹಳೆಯ ಹೆಸರೇ ರೂಢಿಯಲ್ಲಿರುವುದರಿಂದ ಇಲ್ಲಿಯೂ ಅದನ್ನೇ ಬಳಸಲಾಗಿದೆ.)

ಗೋಲ್ಡ್ ಕೋಸ್ಟ್ 1957ರ ಮಾರ್ಚ್ 6ರಂದು ಘಾನಾ ಎಂಬ ಹೆಸರಿನಿಂದ ಸ್ವತಂತ್ರವಾಯಿತು. ಮರುತಿಂಗಳೇ ಎನ್‌ಕ್ರುಮಾ ಅಬಿಜಾನ್ ನಗರಕ್ಕೆ ಭೇಟಿ ಕೊಟ್ಟರು. ಆಗ ಫ್ರಾನ್ಸಿನ ಸಂಪುಟದಲ್ಲಿ ಮಂತ್ರಿಯಾಗಿದ್ದ ಹುಫುವೆ ಅವರೊಡನೆ ಒಂದು ಪಂದ್ಯ ಕಟ್ಟಿದರು: ಎರಡೂ ದೇಶಗಳು ತಮ್ಮ ತಮ್ಮ ದಾರಿಯಲ್ಲಿ ನಡೆಯಲಿ, ಹತ್ತು ವರ್ಷಗಳ ನಂತರ ಹೋಲಿಸಿ ನೋಡೋಣ ಎಂಬುದು ಅದರ ಸಾರಾಂಶ. ಎನ್‌ಕ್ರುಮಾ ಪೂರ್ಣ ಸ್ವಾತಂತ್ರ್ಯ ಮತ್ತು ಶೀಘ್ರ ಕೈಗಾರಿಕೀಕರಣದ ಪಕ್ಷ. ಹುಫುವೆ ಫ್ರಾನ್ಸಿನೊಡನೆ ಸಂಬಂಧ ಉಳಿಸಿಕೊಂಡು ಕೃಷಿಯನ್ನು ಬೆಳೆಸುವ ಪಕ್ಷ. ಐವರಿ ಕೋಸ್ಟ್ ಸ್ವತಂತ್ರವಾದದ್ದು 1960ರ ಆಗಸ್ಟ್ 7ರಂದು.

ಪಂದ್ಯದ ಆರಂಭದಲ್ಲಿ ಘಾನಾ ಬಹಳ ಮುಂದಿತ್ತು. ಟೆಟ್ಟೆ ಕ್ವಾರ್ಶಿ ಎಂಬ ಕಮ್ಮಾರನು 1879ರಲ್ಲಿ ಫರ್ನಾಂಡೋ ಪೋ ದ್ವೀಪದಿಂದ ಕೋಕೋ ಬೀಜ ತಂದು ನೆಟ್ಟನೆಂಬುದು ಆ ನಾಡಿನ ಮಕ್ಕಳಿಗೆಲ್ಲ ಪರಿಚಿತವಾದ ಕಥೆ. ಅಲ್ಲಿಂದ ಸುಮಾರು ಮೂವತ್ತು ವರ್ಷಗಳಲ್ಲಿ, ಅಂದರೆ 1911ರ ವೇಳೆಗೆ, ಗೋಲ್ಡ್ ಕೋಸ್ಟ್ ಜಗತ್ತಿನ ಅತಿ ದೊಡ್ಡ ಕೋಕೋ ಉತ್ಪಾದಕ ದೇಶವಾಯಿತು. ಇದನ್ನು ಸಾಧಿಸಿದವರು ಬಿಳಿಯ ತೋಟದೊರೆಗಳಲ್ಲ, ಸಣ್ಣ ಹಿಡುವಳಿಯ ಆಫ್ರಿಕನ್ ರೈತರು. ಸ್ವಾತಂತ್ರ್ಯದ ದಿನ ಘಾನಾದ ಹೆಸರಿನಲ್ಲಿ ಲಂಡನ್ನಿನಲ್ಲಿ ಸುಮಾರು 20 ಕೋಟಿ ಪೌಂಡುಗಳ ಮೀಸಲು ಹಣವಿತ್ತು. ಶಾಲೆ, ರಸ್ತೆ, ಆಡಳಿತ ನಡೆಸಬಲ್ಲ ವಿದ್ಯಾವಂತರು, ಎಲ್ಲದರಲ್ಲಿಯೂ ಅದು ನೆರೆಯ ದೇಶಕ್ಕಿಂತ ಮೇಲಾಗಿತ್ತು. ಐವರಿ ಕೋಸ್ಟಿನ ಕೋಕೋ ಉತ್ಪಾದನೆ 1960ರಲ್ಲಿ ಒಂದು ಲಕ್ಷ ಟನ್ನಿನ ಆಸುಪಾಸಿನಲ್ಲಿತ್ತಷ್ಟೆ. ಅದರ ಮುಖ್ಯ ಆದಾಯ ಕಾಫಿಯಿಂದ.

ಮೀಸಲು ಯಾರದು?

ಆ 20 ಕೋಟಿ ಪೌಂಡು ಎಲ್ಲಿಂದ ಬಂತು ಎಂಬ ಪ್ರಶ್ನೆಯಲ್ಲಿಯೇ ಮುಂದಿನ ಕಥೆಯೆಲ್ಲ ಅಡಗಿದೆ. 1937–38ರ ಹಂಗಾಮಿನಲ್ಲಿ ಯುರೋಪಿನ ಖರೀದಿ ಸಂಸ್ಥೆಗಳು ಒಳ ಒಪ್ಪಂದ ಮಾಡಿಕೊಂಡು ದರವನ್ನು ಇಳಿಸಿದಾಗ ಗೋಲ್ಡ್ ಕೋಸ್ಟಿನ ರೈತರು ಕೋಕೋ ಮಾರುವುದನ್ನೇ ನಿಲ್ಲಿಸಿದರು. ಈ ಬಗೆಯ ಸಂಘರ್ಷಕ್ಕೆ ಪರಿಹಾರವೆಂಬಂತೆ, ಯುದ್ಧಕಾಲದ ನಿಯಂತ್ರಣ ವ್ಯವಸ್ಥೆಯನ್ನೇ ಮುಂದುವರಿಸಿ, 1947ರಲ್ಲಿ ಕೋಕೋ ಮಾರಾಟ ಮಂಡಳಿ ಸ್ಥಾಪನೆಯಾಯಿತು. ಜಾಗತಿಕ ಬೆಲೆ ಏರಿದಾಗ ಮಂಡಳಿಯು ರೈತನಿಗೆ ಸ್ವಲ್ಪ ಕಡಿಮೆ ಕೊಟ್ಟು ಉಳಿಸುವುದು, ಬೆಲೆ ಬಿದ್ದಾಗ ಆ ಉಳಿತಾಯದಿಂದ ರೈತನ ಕೈ ಹಿಡಿಯುವುದು, ಇದು ಅದರ ಘೋಷಿತ ಉದ್ದೇಶ. ಕರ್ನಾಟಕದ ಕಾಫಿ ಬೆಳೆಗಾರರಿಗೆ ಇಂಥ ವ್ಯವಸ್ಥೆಯ ಪರಿಚಯ ಹೇಳಿಕೊಡಬೇಕಾಗಿಲ್ಲ. 1942ರ ಕಾಫಿ ಕಾಯಿದೆಯ ಅನ್ವಯ ಕಾಫಿ ಮಂಡಳಿಯ ಪೂಲಿಗೆ ಬೆಳೆ ಒಪ್ಪಿಸಿ ಕಂತುಕಂತಾಗಿ ಹಣ ಪಡೆದು, 1990ರ ದಶಕದಲ್ಲಿ ಹಂತಹಂತವಾಗಿ ಬಿಡುಗಡೆ ದೊರೆತು, 1996ರಲ್ಲಿ ಪೂರ್ಣ ಮುಕ್ತ ಮಾರುಕಟ್ಟೆಯನ್ನು ಕಂಡವರು ಅವರು.

ಲೆಕ್ಕಶಾಸ್ತ್ರದ ದೃಷ್ಟಿಯಿಂದ ಇಂತಹ ಸ್ಥಿರೀಕರಣ ನಿಧಿಯು ಮಂಡಳಿಯ ಲಾಭವಾಗಲಾರದು. ಅದು ಬೆಳೆಗಾರನಿಗೆ ಮುಂದೊಂದು ದಿನ ಸಲ್ಲಬೇಕಾದ ಬಾಕಿ; ಅಢಾವೆ ಪತ್ರಿಕೆಯಲ್ಲಿ ಹೊಣೆಗಾರಿಕೆಯ ಕಡೆ ನಿಲ್ಲಬೇಕಾದ ಮೊತ್ತ. ಆದರೆ ಬ್ರಿಟಿಷ್ ಸರ್ಕಾರಿ ಸಾಲಪತ್ರಗಳಲ್ಲಿ ಕಡಿಮೆ ಬಡ್ಡಿಗೆ ಕುಳಿತಿದ್ದ ಅಷ್ಟು ದೊಡ್ಡ ಗಂಟನ್ನು ಕಂಡ ಯಾವ ಆಡಳಿತಗಾರನಿಗೂ ಅದು ರೈತನ ಠೇವಣಿಯೆಂದು ತೋರಲಿಲ್ಲ. 1954ರ ಆಗಸ್ಟಿನಲ್ಲಿ ಎನ್‌ಕ್ರುಮಾ ಸರ್ಕಾರವು ರೈತನ ದರವನ್ನು 60 ಪೌಂಡು ತೂಕದ ಹೊರೆಗೆ 72 ಶಿಲಿಂಗುಗಳೆಂದು ಗೊತ್ತುಪಡಿಸಿ, ನಾಲ್ಕು ವರ್ಷ ಅದೇ ದರ ಮುಂದುವರಿಯುವುದೆಂದು ಕಾನೂನು ಮಾಡಿತು. ಒಂದು ಟನ್ನಿಗೆ ಲೆಕ್ಕ ಹಾಕಿದರೆ ಇದು ಸುಮಾರು 134 ಪೌಂಡು ಹಣ. ಅದೇ ವರ್ಷ ಲಂಡನ್ನಿನಲ್ಲಿ ಕೋಕೋ ಬೆಲೆ ಟನ್ನಿಗೆ 450 ಪೌಂಡು ಮೀರಿ ಹೋಗಿತ್ತು. ಮೂರನೆಯ ಒಂದು ಭಾಗವೂ ಬೆಳೆದವನ ಕೈಗೆ ಬರಲಿಲ್ಲ. ಮರುತಿಂಗಳೇ ಕುಮಾಸಿ ನಗರದಲ್ಲಿ ರಾಷ್ಟ್ರೀಯ ವಿಮೋಚನಾ ಚಳವಳಿ ಎಂಬ ವಿರೋಧ ಪಕ್ಷ ಹುಟ್ಟಿತು. ಕೋಕೋ ದರವು ಅದರ ಹುಟ್ಟಿಗೆ ಮುಖ್ಯ ಕಾರಣಗಳಲ್ಲಿ ಒಂದು.

ಮುಂದೆ ದರ ಮತ್ತೂ ಇಳಿಯಿತು. 1959ರಲ್ಲಿ ಸರ್ಕಾರದ ಪರವಾದ ರೈತ ಪರಿಷತ್ತು ರೈತರ ಹೆಸರಿನಲ್ಲಿ ಹೊರೆಗೆ 12 ಶಿಲಿಂಗನ್ನು ಅಭಿವೃದ್ಧಿ ಯೋಜನೆಗೆಂದು ‘ಸ್ವಇಚ್ಛೆಯಿಂದ’ ಬಿಟ್ಟುಕೊಟ್ಟಿತು. ದರ 60 ಶಿಲಿಂಗಾಯಿತು. 1961ರ ಆಯವ್ಯಯದಲ್ಲಿ ಕಡ್ಡಾಯ ಉಳಿತಾಯದ ಹೆಸರಿನಲ್ಲಿ ಇನ್ನಷ್ಟು ಕಡಿತವಾಯಿತು. 1965ರಲ್ಲಿ ಅದು 40 ಶಿಲಿಂಗಿಗೆ ಬಂದು ನಿಂತಿತು. ವಿಚಿತ್ರವೆಂದರೆ 1964–65ರ ಹಂಗಾಮಿನಲ್ಲಿಯೇ ಘಾನಾ ಐದೂವರೆ ಲಕ್ಷ ಟನ್ನಿನ ದಾಖಲೆ ಬೆಳೆ ತೆಗೆದಿತ್ತು. ಕೋಕೋ ಗಿಡ ಫಲ ಕೊಡಲು ಹಲವು ವರ್ಷ ಬೇಕು. ಆ ಬೆಳೆ ಹಿಂದಿನ ಒಳ್ಳೆಯ ದರ ಕಂಡು ನೆಟ್ಟ ಗಿಡಗಳದ್ದು. ಜಗತ್ತಿನ ಮಾರುಕಟ್ಟೆ ತುಂಬಿ ತುಳುಕಿ 1965ರ ಮಧ್ಯದಲ್ಲಿ ಬೆಲೆ ಟನ್ನಿಗೆ 100 ಪೌಂಡಿಗೂ ಕೆಳಗಿಳಿಯಿತು. ಇಂತಹ ದಿನಕ್ಕೆಂದೇ ಕೂಡಿಟ್ಟಿದ್ದ ನಿಧಿ ಆಗ ಖಾಲಿಯಾಗಿತ್ತು.

ಖರ್ಚಾದದ್ದು ಎಲ್ಲಿ?

ಎಲ್ಲವೂ ವ್ಯರ್ಥವಾಯಿತೆಂದರೆ ಅನ್ಯಾಯವಾದೀತು. 1962ರಲ್ಲಿ ಆರಂಭವಾದ ಟೆಮಾ ಬಂದರು, 1966ರ ಜನವರಿಯಲ್ಲಿ ಉದ್ಘಾಟನೆಯಾದ ವೋಲ್ಟಾ ನದಿಯ ಅಕೊಸೊಂಬೊ ಅಣೆಕಟ್ಟು ಇಂದಿಗೂ ದುಡಿಯುತ್ತಿವೆ. ಆದರೂ ಆ ಅಣೆಕಟ್ಟಿನ ವಿದ್ಯುತ್ತಿನ ಹಿರಿಯ ಪಾಲು ಅಗ್ಗದ ದರಕ್ಕೆ ಅಮೆರಿಕದ ಕೈಸರ್ ಸಂಸ್ಥೆ ಮುಖ್ಯ ಪಾಲುದಾರನಾಗಿದ್ದ ಅಲ್ಯೂಮಿನಿಯಂ ಕಾರ್ಖಾನೆಗೆ ದೀರ್ಘಾವಧಿ ಕರಾರಿನಂತೆ ಹೋಯಿತು. ಆ ಕಾರ್ಖಾನೆ ಘಾನಾದ ಬಾಕ್ಸೈಟ್ ಅದಿರನ್ನು ಬಳಸದೆ ಹೊರದೇಶದಿಂದ ಅಲ್ಯೂಮಿನಾ ತರಿಸಿಕೊಂಡಿತು. ಸುಮಾರು 80 ಸಾವಿರ ಜನರನ್ನು ಎಬ್ಬಿಸಿ ಕಟ್ಟಿದ ಜಲಾಶಯದಿಂದ ದೇಶೀಯ ಉದ್ದಿಮೆಗೆ ನಿರೀಕ್ಷಿಸಿದಷ್ಟು ಸರಪಳಿ ಲಾಭ ಬರಲಿಲ್ಲ.

ಸಣ್ಣ ಉದ್ದಿಮೆದಾರರು ವಿಶೇಷವಾಗಿ ಗಮನಿಸಬೇಕಾದದ್ದು ಸರ್ಕಾರಿ ಕಾರ್ಖಾನೆಗಳ ವೃತ್ತಾಂತ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಟೋನಿ ಕಿಲಿಕ್ ಇವುಗಳನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ವೆಂಚಿ ಎಂಬ ಊರಿನಲ್ಲಿ ವರ್ಷಕ್ಕೆ 7,000 ಟನ್ ಮಾವು ಹಾಗೂ 5,300 ಟನ್ ಟೊಮೆಟೊ ಸಂಸ್ಕರಿಸುವ ಕಾರ್ಖಾನೆಯ ಯೋಜನೆ ಸಿದ್ಧವಾಯಿತು. ಆ ಪ್ರದೇಶದಲ್ಲಿ ಆಗ ಇದ್ದದ್ದು ಪೊದೆಗಳ ನಡುವೆ ಅಲ್ಲಲ್ಲಿ ಬೆಳೆದ ಕೆಲವೇ ಮಾವಿನ ಮರಗಳು. ಟೊಮೆಟೊ ವಾಣಿಜ್ಯ ಬೆಳೆಯಾಗಿರಲೇ ಇಲ್ಲ. ಸಸಿ ನೆಟ್ಟರೆ ಫಸಲಿಗೆ ಐದರಿಂದ ಏಳು ವರ್ಷ ಬೇಕೆಂಬುದನ್ನು ಯೋಜನಾ ವರದಿಯೇ ಒಪ್ಪಿಕೊಂಡಿತ್ತು. ಇಷ್ಟಾಗಿ, ಆ ಕಾರ್ಖಾನೆಯ ಉತ್ಪಾದನಾ ಸಾಮರ್ಥ್ಯವು ಅಂದಿನ ಜಗತ್ತಿನಲ್ಲಿ ಅಂಥ ಸರಕಿನ ಒಟ್ಟು ವ್ಯಾಪಾರಕ್ಕಿಂತ ಹಲವು ಪಟ್ಟು ಹೆಚ್ಚಿತ್ತೆಂದು ದಾಖಲಾಗಿದೆ! ಪಾದರಕ್ಷೆ ಕಾರ್ಖಾನೆಯ ಕಥೆಯೂ ಇದೇ ಬಗೆಯದು. ಉತ್ತರದ ಮಾಂಸ ಕಾರ್ಖಾನೆಯಿಂದ ಹಸಿ ಚರ್ಮವು 500 ಮೈಲಿಗೂ ಹೆಚ್ಚು ದೂರ ದಕ್ಷಿಣದ ಹದ ಮಾಡುವ ಘಟಕಕ್ಕೆ ಬರಬೇಕು. ಹದವಾದ ಚರ್ಮ ಮತ್ತೆ 200 ಮೈಲಿ ಉತ್ತರಕ್ಕೆ ಕುಮಾಸಿಗೆ ಹೋಗಬೇಕು. ಅಲ್ಲಿ ತಯಾರಾದ ಜೋಡುಗಳು ಮಾರಾಟಕ್ಕಾಗಿ ಪುನಃ 200 ಮೈಲಿ ದಕ್ಷಿಣಕ್ಕೆ ಆಕ್ರಾ ನಗರಕ್ಕೆ ಬರಬೇಕು. ಲಾರಿ ಬಾಡಿಗೆ ತನ್ನ ಜೇಬಿನಿಂದ ಕೊಡುವ ಯಾವ ಚರ್ಮದ ವ್ಯಾಪಾರಿಯೂ ಇಂತಹ ದಾರಿಯನ್ನು ಒಂದು ದಿನದ ಮಟ್ಟಿಗೂ ಯೋಚಿಸನು.

ಇಂತಹ ಯೋಜನೆಗಳು ಹೇಗೆ ಮಂಜೂರಾದವು? ಬಹುಪಾಲು ಯಂತ್ರಗಳು ಬಂದದ್ದು ಸರಬರಾಜುದಾರರ ಸಾಲದ ಮೂಲಕ. ಯಂತ್ರ ಮಾರುವ ವಿದೇಶೀ ಸಂಸ್ಥೆಯೇ ಯೋಜನಾ ವರದಿಯನ್ನೂ ತರುತ್ತದೆ, ಸಾಲವನ್ನೂ ತರುತ್ತದೆ. ಮರುಪಾವತಿಗೆ ಮಾತ್ರ ಕೆಲವೇ ವರ್ಷಗಳ ಗಡುವು. ಯಂತ್ರ ಮಾರಾಟವಾದ ದಿನವೇ ಅವನ ಲಾಭ ಮುಗಿದಿರುತ್ತದೆ. ಕಾರ್ಖಾನೆ ನಡೆಯುವುದು, ನಿಲ್ಲುವುದು ಅವನ ಚಿಂತೆಯಲ್ಲ. ಸೇಂಟ್ ಲೂಸಿಯಾ ದ್ವೀಪದ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ 1953ರಲ್ಲಿಯೇ ಗೋಲ್ಡ್ ಕೋಸ್ಟ್ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ, ಮೊದಲು ಆಹಾರ ಬೆಳೆಯ ಇಳುವರಿ ಹೆಚ್ಚಲಿ, ಕಾರ್ಖಾನೆಗಳು ಅದರ ಹಿಂದೆ ಬರಲಿ ಎಂಬ ಅಭಿಪ್ರಾಯ ಕೊಟ್ಟಿದ್ದರು. ಸ್ವಾತಂತ್ರ್ಯಾನಂತರ ಎನ್‌ಕ್ರುಮಾಗೆ ಸಲಹೆಗಾರರಾಗಿ ಬಂದ ಅವರು 1958ರ ಕೊನೆಗೆ ಹೊರನಡೆದರು. 1979ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು.

1961ರ ಡಿಸೆಂಬರಿನಲ್ಲಿ ಆಮದು ಪರವಾನಗಿ ಪದ್ಧತಿ ಜಾರಿಗೆ ಬಂತು. ಲೈಸೆನ್ಸ್-ಪರ್ಮಿಟ್ ಕಾಲವನ್ನು ಕಂಡ ಭಾರತೀಯ ಉದ್ದಿಮೆದಾರರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಖಾನೆಗೆ ಬಿಡಿಭಾಗ ಬೇಕಾದಾಗ ಪರವಾನಗಿ ಬರಲಿಲ್ಲ; ಬಂದ ಪರವಾನಗಿಗಳು ಕೈಯಿಂದ ಕೈಗೆ ಮಾರಾಟವಾದವು. 1966ರ ಫೆಬ್ರವರಿ 24ರಂದು ಎನ್‌ಕ್ರುಮಾ ವಿದೇಶ ಪ್ರವಾಸದಲ್ಲಿದ್ದಾಗ ಸೇನೆ ಅಧಿಕಾರ ಹಿಡಿಯಿತು. ಪಂದ್ಯದ ಗಡುವಾದ 1967ರಲ್ಲಿ ಅವರು ಗಿನಿ ದೇಶದ ಆಶ್ರಯದಲ್ಲಿದ್ದರು.

ಗಡಿಯಾಚೆಯ ತೋಟಗಾರ

ಹುಫುವೆ ವೈದ್ಯಕೀಯ ತರಬೇತಿ ಪಡೆದವರು; ಆದರೆ ಮೂಲತಃ ತೋಟಗಾರರು. ಫ್ರೆಂಚ್ ಆಡಳಿತದಲ್ಲಿ ಬಿಟ್ಟಿ ದುಡಿಮೆಯ ಕೂಲಿಗಳೂ ಉತ್ತಮ ದರವೂ ಬಿಳಿಯ ತೋಟದೊರೆಗಳಿಗೆ ಮೀಸಲಾಗಿದ್ದವು. ಇದರ ವಿರುದ್ಧ 1944ರಲ್ಲಿ ಅವರು ಆಫ್ರಿಕನ್ ಬೆಳೆಗಾರರ ಸಂಘವನ್ನು ಕಟ್ಟಿದರು. ಫ್ರೆಂಚ್ ಸಂಸತ್ತಿನಲ್ಲಿ ಬಿಟ್ಟಿ ದುಡಿಮೆಯನ್ನು ರದ್ದುಗೊಳಿಸಿದ 1946ರ ಕಾಯಿದೆ ಅವರ ಹೆಸರಿನಿಂದಲೇ ಪ್ರಸಿದ್ಧ. ಆ ಕಾಯಿದೆಯ ಫಲವಾಗಿ ಉತ್ತರದ ಅಪ್ಪರ್ ವೋಲ್ಟಾ, ಅಂದರೆ ಇಂದಿನ ಬುರ್ಕಿನಾ ಫಾಸೋ, ಕಡೆಯ ಕೂಲಿಗಳು ತಮಗೆ ಬೇಕಾದ ತೋಟಕ್ಕೆ ಬರಲು ಸ್ವತಂತ್ರರಾದರು. ಅಬಿಜಾನಿನಿಂದ ಹೊರಟ ರೈಲು ಮಾರ್ಗ 1954ರಲ್ಲಿ ಉವಾಗಡೂಗುವನ್ನು ಮುಟ್ಟಿತ್ತು. 1950ರಲ್ಲಿ ತೆರೆದ ವ್ರಿಡಿ ಕಾಲುವೆಯು ಅಬಿಜಾನನ್ನು ಆಳಸಮುದ್ರದ ಬಂದರಾಗಿಸಿತ್ತು. ಹೀಗೆ ಕೂಲಿ, ರೈಲು, ಬಂದರು ಮೂರೂ ಸ್ವಾತಂತ್ರ್ಯಕ್ಕೆ ಮುನ್ನವೇ ಒದಗಿದ್ದವು. ಘಾನಾ ಮುಂದಿತ್ತೆಂದು ಹೇಳುವವರು ಈ ಮೂರನ್ನು ಮರೆಯುವುದುಂಟು.

ಐವರಿ ಕೋಸ್ಟಿನಲ್ಲಿಯೂ ಒಂದು ಸ್ಥಿರೀಕರಣ ಸಂಸ್ಥೆಯಿತ್ತು. ಅದನ್ನು ಸಂಕ್ಷೇಪವಾಗಿ ‘ಕೈಸ್ತಾಬ್’ ಎನ್ನುತ್ತಿದ್ದರು. ಅದೂ ದರ ಗೊತ್ತುಪಡಿಸುತ್ತಿತ್ತು, ಅದೂ ರೈತನ ಹಣದಲ್ಲಿ ಪಾಲು ಇಟ್ಟುಕೊಳ್ಳುತ್ತಿತ್ತು. ವ್ಯತ್ಯಾಸವಿದ್ದದ್ದು ಕಾರ್ಯವಿಧಾನದಲ್ಲಿ. ಘಾನಾದಲ್ಲಿ 1961ರಲ್ಲಿ ಖಾಸಗಿ ಖರೀದಿದಾರರನ್ನೆಲ್ಲ ಹೊರಗೆ ಹಾಕಿ ಸರ್ಕಾರಿ ಕೃಪೆಯ ರೈತ ಪರಿಷತ್ತಿಗೇ ಖರೀದಿಯ ಏಕಸ್ವಾಮ್ಯ ಕೊಡಲಾಯಿತು. ತೂಕದಲ್ಲಿ ಮೋಸ, ಹಣ ಪಾವತಿಯಲ್ಲಿ ವಿಳಂಬ ಇವುಗಳ ದೂರು ಕೇಳಬೇಕಾದ ಸಂಸ್ಥೆಯೇ ಖರೀದಿದಾರನೂ ಆಯಿತು. ಕೈಸ್ತಾಬ್ ಮಾತ್ರ ಒಂದು ಕಾಳನ್ನೂ ತಾನು ಕೊಳ್ಳಲಿಲ್ಲ. ಹಳ್ಳಿಯಿಂದ ಬಂದರಿನವರೆಗೆ ಸರಕು ಎತ್ತುವವರು ಖಾಸಗಿ ವರ್ತಕರು, ಅವರಲ್ಲಿ ಅನೇಕರು ಲೆಬನಾನ್ ಮೂಲದವರು. ಸಾಗಣೆ, ಗೋದಾಮು, ಬಡ್ಡಿ, ಕಮಿಷನ್ ಪ್ರತಿಯೊಂದಕ್ಕೂ ಇಷ್ಟಿಷ್ಟೆಂದು ದರಪಟ್ಟಿ ಇತ್ತು. ರಫ್ತು ಬೆಲೆ ಆ ಪಟ್ಟಿಯ ಮೊತ್ತಕ್ಕಿಂತ ಹೆಚ್ಚಾದರೆ ವ್ಯತ್ಯಾಸ ಕೈಸ್ತಾಬಿಗೆ, ಕಡಿಮೆಯಾದರೆ ಕೈಸ್ತಾಬಿನಿಂದ ರಫ್ತುದಾರನಿಗೆ. ವರ್ತಕನಿಗೆ ಮಿತಿಯುಳ್ಳ, ಆದರೆ ಖಚಿತವಾದ ಲಾಭ. ಆದ್ದರಿಂದ ಆತ ರಸ್ತೆಯಿಲ್ಲದ ಹಳ್ಳಿಗೂ ಲಾರಿ ಕಳುಹಿಸಿದನು.

ಹಣಕಾಸಿನ ವಿಷಯದಲ್ಲಿಯೂ ದಾರಿ ಬೇರೆ. ಘಾನಾ 1958ರಲ್ಲಿ ಸ್ವಂತ ಪೌಂಡನ್ನೂ 1965ರಲ್ಲಿ ಸೆಡಿಯನ್ನೂ ಚಲಾವಣೆಗೆ ತಂದಿತು. ನೋಟು ಮುದ್ರಣದ ಅಧಿಕಾರ ಕೈಗೆ ಬಂದ ಮೇಲೆ ಅದನ್ನು ಬಳಸದಿರುವುದು ಯಾವ ಸರ್ಕಾರಕ್ಕೂ ಕಷ್ಟ. ಐವರಿ ಕೋಸ್ಟ್ ಫ್ರಾನ್ಸಿನ ಖಜಾನೆಯ ಖಾತರಿಯುಳ್ಳ ಸಿಎಫ್‌ಎ ಫ್ರಾಂಕಿನಲ್ಲಿಯೇ ಉಳಿಯಿತು. 50 ಸಿಎಫ್‌ಎ ಫ್ರಾಂಕಿಗೆ ಒಂದು ಫ್ರೆಂಚ್ ಫ್ರಾಂಕ್ ಎಂಬ ದರ 1994ರ ಜನವರಿಯವರೆಗೂ ಕದಲಲಿಲ್ಲ. 1959ರ ಬಂಡವಾಳ ಸಂಹಿತೆಯು ಹೊರಗಿನ ಉದ್ದಿಮೆಗೆ ತೆರಿಗೆ ರಿಯಾಯತಿಯನ್ನು ಲಿಖಿತವಾಗಿ ಕೊಟ್ಟಿತು. ಇವೆಲ್ಲಕ್ಕೂ ಬೆಲೆಯಿತ್ತು. ಸ್ವಾತಂತ್ರ್ಯ ಬಂದ ಮೇಲೆ ಫ್ರೆಂಚರ ಸಂಖ್ಯೆ ಇಳಿಯುವ ಬದಲು ಏರಿತು; 1970ರ ದಶಕದಲ್ಲಿ ಅದು ಸುಮಾರು 50 ಸಾವಿರದಷ್ಟಿತ್ತು. ಕಚೇರಿಯ ಮೇಲಿನ ಮಹಡಿಗಳು ಅವರವೇ. ಸ್ವಾಭಿಮಾನಿಗಳಾದ ಆಫ್ರಿಕನ್ನರಿಗೆ ಇದು ನುಂಗಲಾರದ ತುತ್ತಾಗಿತ್ತೆಂಬುದನ್ನು ಅಂಕಿಅಂಶಗಳು ತೋರಿಸುವುದಿಲ್ಲ.

ಭೂಮಿಯ ವಿಷಯದಲ್ಲಿ ಹುಫುವೆ 1963ರಲ್ಲಿ ಸಾರಿದ ನೀತಿ ಸರಳವಾಗಿತ್ತು: ಯಾರು ಭೂಮಿಯನ್ನು ಹದಗೊಳಿಸಿ ಬೆಳೆ ತೆಗೆಯುವರೋ ಭೂಮಿ ಅವರದು. ಪಶ್ಚಿಮದ ಕಾಡುಗಳಿಗೆ ಬಾವುಲೆಗಳೂ ಬುರ್ಕಿನಾ ಫಾಸೋ ಮತ್ತು ಮಾಲಿಯವರೂ ಸಾವಿರಗಟ್ಟಲೆಯಾಗಿ ನುಗ್ಗಿ ಕೋಕೋ ನೆಟ್ಟರು. 1972ರಲ್ಲಿ ಆ ಭಾಗಕ್ಕಾಗಿಯೇ ಸಾನ್ ಪೆಡ್ರೊ ಬಂದರು ತೆರೆಯಿತು. ಇದೇ ಸಮಯದಲ್ಲಿ ಘಾನಾ ತದ್ವಿರುದ್ಧ ಹೆಜ್ಜೆಯಿಟ್ಟಿತು. 1969ರ ನವೆಂಬರಿನಲ್ಲಿ ಬುಸಿಯಾ ಸರ್ಕಾರವು ವಾಸದ ಪರವಾನಗಿಯಿಲ್ಲದ ವಿದೇಶೀಯರು ಎರಡು ವಾರಗಳಲ್ಲಿ ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿತು. ಲಕ್ಷಾಂತರ ಜನ ಗಂಟುಮೂಟೆ ಕಟ್ಟಿದರು. ಕೋಕೋ ತೋಟಗಳ ಕೂಲಿಗಳೂ ಸಂತೆಯ ಚಿಲ್ಲರೆ ವ್ಯಾಪಾರಿಗಳೂ ಅವರಲ್ಲಿದ್ದರು; ತೋಟಗಳಿಗೆ ಆಳು ಸಿಗದಾಯಿತು.

ಫಲಿತಾಂಶ ಕಣ್ಣಿಗೆ ಕಾಣುವಂತಿತ್ತು. 1960ರಿಂದ 1980ರವರೆಗೆ ಐವರಿ ಕೋಸ್ಟಿನ ಆರ್ಥಿಕತೆ ವರ್ಷಕ್ಕೆ ಸರಾಸರಿ ಶೇಕಡ 7ರ ಆಸುಪಾಸಿನಲ್ಲಿ ಬೆಳೆಯಿತು. 1970ರ ದಶಕದ ಕೊನೆಯ ಭಾಗದಲ್ಲಿ ಅದು ಕೋಕೋ ಉತ್ಪಾದನೆಯಲ್ಲಿ ಘಾನಾವನ್ನು ಹಿಂದಿಕ್ಕಿತು. ಸೆಡಿಯ ಬೆಲೆ ಕಳೆಗುಂದಿದ್ದ ಆ ದಿನಗಳಲ್ಲಿ ಘಾನಾದ ರೈತ ತನ್ನ ಕೋಕೋವನ್ನು ತಲೆಹೊರೆಯಲ್ಲಿ ಗಡಿ ದಾಟಿಸಿ, ಸಿಎಫ್‌ಎ ಫ್ರಾಂಕ್ ಪಡೆದು, ಆ ಹಣದಲ್ಲಿ ತನ್ನ ಊರಿನಲ್ಲಿ ಸಿಗದ ಸೋಪು, ಬಟ್ಟೆ ಕೊಂಡು ಹಿಂತಿರುಗುತ್ತಿದ್ದನು. ಘಾನಾದ ಉತ್ಪಾದನೆ 1983–84ರಲ್ಲಿ 1 ಲಕ್ಷ 60 ಸಾವಿರ ಟನ್ನಿನ ಮಟ್ಟಕ್ಕೆ ಕುಸಿಯಿತು.

ಗೆದ್ದವನ ಖಾತೆ

ಬಹಳಷ್ಟು ಹೋಲಿಕೆಗಳು ಇಲ್ಲಿಗೆ ನಿಲ್ಲುತ್ತವೆ. ಗೆದ್ದವನ ಲೆಕ್ಕವನ್ನು ಯಾರೂ ಪರಿಶೋಧಿಸುವುದಿಲ್ಲ.

1976–77ರಲ್ಲಿ ಕೋಕೋ, ಕಾಫಿ ಎರಡರ ಬೆಲೆಯೂ ಗಗನಕ್ಕೇರಿತು. ಬ್ರೆಜಿಲಿನ ಕಾಫಿ ತೋಟಗಳಿಗೆ 1975ರಲ್ಲಿ ಬಿದ್ದ ಹಿಮ ಕರ್ನಾಟಕದ ಬೆಳೆಗಾರರಿಗೂ ನೆನಪಿರಬಹುದು. ಆ ವರ್ಷಗಳಲ್ಲಿ ಐವರಿ ಕೋಸ್ಟಿನ ರೈತನಿಗೆ ದೊರೆತದ್ದು ರಫ್ತು ಬೆಲೆಯ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಕೈಸ್ತಾಬಿನ ಪಾಲು. ಕೈಸ್ತಾಬಿನ ಲೆಕ್ಕ ಸರ್ಕಾರದ ಆಯವ್ಯಯದ ಹೊರಗಿತ್ತು, ಅಧ್ಯಕ್ಷರ ಆಪ್ತವಲಯಕ್ಕೆ ಮಾತ್ರ ತಿಳಿದಿತ್ತು. ಈ ಹಣ ಮತ್ತು ಇದನ್ನು ನಂಬಿ ವಿದೇಶೀ ಬ್ಯಾಂಕುಗಳು ಕೊಟ್ಟ ಸಾಲ ಸೇರಿ, ಒಣಹವೆಯ ಉತ್ತರ ಭಾಗದಲ್ಲಿ ಆರು ಸಕ್ಕರೆ ಸಂಕೀರ್ಣಗಳು ಎದ್ದವು. ಅವುಗಳಲ್ಲಿ ತಯಾರಾದ ಸಕ್ಕರೆಯ ವೆಚ್ಚ ಜಾಗತಿಕ ಬೆಲೆಗಿಂತ ಬಹಳ ಮೇಲಿತ್ತು. ವೆಂಚಿಯ ಮಾವಿನ ಕಾರ್ಖಾನೆಯೇ ಫ್ರೆಂಚ್ ಕರಾರುಪತ್ರದೊಡನೆ ಮರುಹುಟ್ಟು ಪಡೆಯಿತೆನ್ನಬಹುದು. ಹುಫುವೆಯ ಹುಟ್ಟೂರಾದ ಯಾಮುಸುಕ್ರೊ 1983ರಲ್ಲಿ ರಾಜಧಾನಿಯೆಂದು ಘೋಷಿತವಾಯಿತು. ಅಲ್ಲಿ ಕಟ್ಟಿದ ಬೃಹತ್ ಬಸಿಲಿಕಾವನ್ನು 1990ರ ಸೆಪ್ಟೆಂಬರಿನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಪ್ರತಿಷ್ಠಾಪಿಸಿದರು.

ಬೆಲೆ ಇಳಿಯಿತು, ಸಾಲ ಉಳಿಯಿತು. 1987ರಲ್ಲಿ ಐವರಿ ಕೋಸ್ಟ್ ವಿದೇಶೀ ಸಾಲದ ಮರುಪಾವತಿಯನ್ನು ನಿಲ್ಲಿಸಿತು. ಅದೇ ವರ್ಷ ವೃದ್ಧ ಅಧ್ಯಕ್ಷರು ಈ ಬೆಲೆಗೆ ಕೋಕೋ ಮಾರುವುದಿಲ್ಲವೆಂದು ಹಟ ಹಿಡಿದು ದಾಸ್ತಾನನ್ನು ತಡೆಹಿಡಿದರು. ಮಲೇಷಿಯಾ, ಇಂಡೋನೇಷಿಯಾಗಳಲ್ಲಿ ಹೊಸ ತೋಟಗಳು ಫಸಲಿಗೆ ಬಂದಿದ್ದ ಕಾಲವದು. ಮಾರುಕಟ್ಟೆ ಅವರಿಗಾಗಿ ಕಾಯಲಿಲ್ಲ. 1989ರಲ್ಲಿ ದಾಸ್ತಾನು ಬಿಡುಗಡೆಯಾಯಿತು. ಅದೇ ವರ್ಷ ರೈತನ ದರವು ಕಿಲೋಗೆ 400 ಸಿಎಫ್‌ಎ ಫ್ರಾಂಕಿನಿಂದ 200ಕ್ಕೆ ಇಳಿಯಿತು. ಸ್ಥಿರೀಕರಣವೆಂಬ ಹೆಸರನ್ನು ಹೊತ್ತ ಸಂಸ್ಥೆಯ ಬೊಕ್ಕಸದಲ್ಲಿ ಸ್ಥಿರಗೊಳಿಸಲು ಏನೂ ಉಳಿದಿರಲಿಲ್ಲ. ಘಾನಾದಲ್ಲಿ 1965ರಲ್ಲಿ ಆದದ್ದು ಇಲ್ಲಿ 24 ವರ್ಷ ತಡವಾಗಿ ಆಯಿತು. 1999ರಲ್ಲಿ ಕೈಸ್ತಾಬನ್ನು ವಿಸರ್ಜಿಸಲಾಯಿತು.

ಭೂಮಿಯ ಬಾಕಿಯೂ ಒಂದಿತ್ತು. ಬೆಳೆದವನದೇ ಭೂಮಿ ಎಂಬ ಮಾತಿಗೆ ದಾಖಲೆಪತ್ರವಿರಲಿಲ್ಲ. 1998ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯ ಶೇಕಡ 26ರಷ್ಟು ಮಂದಿ ವಿದೇಶೀಯರೆಂದು ನಮೂದಾಯಿತು. ಕಾಡು ಮುಗಿದು, ಕೋಕೋ ದರ ಬಿದ್ದು, ಹೊಸ ತಲೆಮಾರಿಗೆ ಭೂಮಿ ಸಾಲದಾದಾಗ, ನಿಜವಾದ ಐವರಿ ಪ್ರಜೆ ಯಾರು ಎಂಬ ವಿವಾದ ರಾಜಕೀಯಕ್ಕೆ ಬಂತು. 2002ರಲ್ಲಿ ದೇಶ ಅಂತರ್ಯುದ್ಧಕ್ಕೆ ಬಿದ್ದು ಇಬ್ಭಾಗವಾಯಿತು. 2010–11ರ ಚುನಾವಣೆಯ ನಂತರ ಪುನಃ ರಕ್ತಪಾತವಾಯಿತು.

ಅತ್ತ ಘಾನಾ 1983ರಿಂದ ಜೆರ‍್ರಿ ರಾಲಿಂಗ್ಸ್ ಆಡಳಿತದಲ್ಲಿ ಸೆಡಿಯನ್ನು ಹಂತಹಂತವಾಗಿ ಅಪಮೌಲ್ಯಗೊಳಿಸಿ, ರೈತನ ದರವನ್ನು ಏರಿಸುತ್ತ ಬಂತು. 1990ರ ದಶಕದ ಆರಂಭದಲ್ಲಿ ಖಾಸಗಿ ಖರೀದಿದಾರರನ್ನು ಮತ್ತೆ ಹಳ್ಳಿಗೆ ಕರೆಯಲಾಯಿತು. ರಫ್ತು ಮಾತ್ರ ಮಂಡಳಿಯ ಕೈಯಲ್ಲೇ ಉಳಿಯಿತು. 2001ರ ಜನವರಿಯಲ್ಲಿ ಅಧಿಕಾರವು ಮತಪೆಟ್ಟಿಗೆಯ ಮೂಲಕ ಪಕ್ಷದಿಂದ ಪಕ್ಷಕ್ಕೆ ಶಾಂತವಾಗಿ ಹಸ್ತಾಂತರವಾಯಿತು. ಆ ಹೊತ್ತಿಗೆ 1957ರ ಪಂದ್ಯವನ್ನು ಯಾರು ಗೆದ್ದರೆಂದು ಕೇಳಿದ್ದರೆ ಉತ್ತರ ಬದಲಾಗಿರುತ್ತಿತ್ತು. ಇನ್ನೂ ಇಪ್ಪತ್ತು ವರ್ಷ ಮುಂದೆ ಹೋದರೆ ಅದು ಮತ್ತೊಮ್ಮೆ ಬದಲಾಗುತ್ತದೆ. 2012ರಿಂದ ಐವರಿ ಕೋಸ್ಟ್ ವೇಗವಾಗಿ ಚೇತರಿಸಿಕೊಂಡಿತು. ಪೆಟ್ರೋಲಿಯಂ ಸಿಕ್ಕ ಹುರುಪಿನಲ್ಲಿ ಸಾಲ ಹೆಚ್ಚಿಸಿಕೊಂಡ ಘಾನಾ 2022ರ ಡಿಸೆಂಬರಿನಲ್ಲಿ ವಿದೇಶೀ ಸಾಲದ ಬಹುಪಾಲಿನ ಪಾವತಿಯನ್ನು ನಿಲ್ಲಿಸಬೇಕಾಯಿತು.

ಈ ನಡುವೆ 2019ರಲ್ಲಿ ಎರಡೂ ಸರ್ಕಾರಗಳು, ಜಗತ್ತಿನ ಕೋಕೋದಲ್ಲಿ ಅರ್ಧಕ್ಕೂ ಮಿಕ್ಕ ಪಾಲು ತಮ್ಮದೆಂಬ ಬಲದ ಮೇಲೆ, 2020–21ರ ಹಂಗಾಮಿನಿಂದ ಟನ್ನಿಗೆ 400 ಡಾಲರ್ ಹೆಚ್ಚುವರಿ ಮೊತ್ತವನ್ನು ರೈತನಿಗಾಗಿ ಕೊಡಬೇಕೆಂದು ಚಾಕೊಲೇಟ್ ಉದ್ಯಮಕ್ಕೆ ಷರತ್ತು ಹಾಕಿದವು. ಪುತ್ತೂರಿನಲ್ಲಿ 1986ರಿಂದ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿರುವ ಕ್ಯಾಂಪ್ಕೊ ಸದಸ್ಯರಿಗೂ ಜಾಗತಿಕ ಕೋಕೋ ಬೆಲೆಯ ಇಂತಹ ಚಲನೆ ಸಂಬಂಧಪಟ್ಟದ್ದೇ. ಆದರೆ 2024ರಲ್ಲಿ ಕೋಕೋ ಬೆಲೆ ಟನ್ನಿಗೆ 10 ಸಾವಿರ ಡಾಲರ್ ದಾಟಿದಾಗ ಈ ಎರಡು ದೇಶಗಳ ರೈತರಿಗೆ ಅದರ ಪೂರ್ಣ ಲಾಭ ದೊರೆಯಲಿಲ್ಲ. ಎರಡೂ ಸರ್ಕಾರಗಳು ಬೆಳೆಯ ಬಹುಪಾಲನ್ನು ಹಿಂದಿನ ಕಡಿಮೆ ಬೆಲೆಗೇ ಮುಂಗಡವಾಗಿ ಮಾರಿದ್ದವು. ಘಾನಾದಲ್ಲಿ ಬೆಳೆಯೂ ಕುಸಿದದ್ದರಿಂದ, ಒಪ್ಪಿಕೊಂಡ ಸರಕಿನ ಒಂದು ಭಾಗದ ಪೂರೈಕೆಯನ್ನು ಮುಂದಿನ ಹಂಗಾಮಿಗೆ ದೂಡಬೇಕಾಯಿತು. ಸೆಡಿಯ ಬೆಲೆ ಆಗಲೂ ಇಳಿಮುಖವಾಗಿತ್ತು. 2023–24ರ ಆ ಹಂಗಾಮಿನಲ್ಲಿ ಘಾನಾದ ಕೋಕೋ ದೊಡ್ಡ ಪ್ರಮಾಣದಲ್ಲಿ ಗಡಿ ದಾಟಿ ಐವರಿ ಕೋಸ್ಟಿಗೂ ಟೋಗೋ ದೇಶಕ್ಕೂ ಹೋಯಿತು. 1970ರ ದಶಕದಲ್ಲಿ ತಲೆಹೊರೆಯಲ್ಲಿ ಹೋಗುತ್ತಿದ್ದದ್ದು ಈ ಸಲ ಲಾರಿಗಳಲ್ಲಿ ಹೋಯಿತು.